ಹಿಟ್ಟಿನ ಲಾರಿಗೆ ಕಲ್ಲು

ಬಂದೂಕಿನ ತುದಿ ನನ್ನ ಕೆನ್ನೆಗೆ ತಾಗಿತು. ತಾಯಿಜ್ ಊರಿನ ಬಿಸಿಲಿಗೆ ಕಾದ ಕಬ್ಬಿಣ... ಚುರ್ರೆಂದಿತು!

"ಲಾರೀಲಿ ಏನಿದೆ?"

"ಗೋಧಿ ಹಿಟ್ಟು. ನಿರಾಶ್ರಿತರ ಕ್ಯಾಂಪಿಗೆ."

"ಇಲ್ಲೇ ಇಳಿಸು. ನನ್ನ ಸಿಪಾಯಿಗಳೂ ಹಸಿದಿದಾರೆ."

ಅವನು ಶೌಖಿ. ಆ ಚೆಕ್‌ಪೋಸ್ಟಿನ ಕಮಾಂಡರ್.

ನಾನು ಘಮ್ದಾನ್. ಯೆಮೆನ್‌ನಲ್ಲಿ ಯುದ್ಧದ ಗೆರೆ ದಾಟಿಸಿ ಸರಕು ಸಾಗಿಸುವುದೇ ನನ್ನ ಕಸುಬು. ಕೊರೊನಾ ಬಂದು ರಸ್ತೆ ಮುಚ್ಚಿದ ಮೇಲೆ, ಆ ಕ್ಯಾಂಪಿಗೆ ಐದು ವಾರದಿಂದ ಹಿಟ್ಟು ಹೋಗಿರಲಿಲ್ಲ. ಜನ ಬೇಲಿಯ ಎಲೆ ಬೇಯಿಸಿ ತಿನ್ನುತ್ತಿದ್ದರು.

ಪಕ್ಕದಲ್ಲಿ ಡ್ರೈವರ್ ಖಾಯಿದ್ ಧೂಳಿಗೆ ಕೆಮ್ಮಿದ.

ತಟ್ಟನೆ ಹೊಳೆಯಿತು!

"ಇಳಿಸ್ಕೊಳ್ಳಿ ಕಮಾಂಡರ್... ಆದ್ರೆ ಇವನಿಗೆ ನಿನ್ನೆಯಿಂದ ಜ್ವರ. ಅಷ್ಟೂ ಮೂಟೆ ಹೊತ್ತು ಹಾಕಿದ್ದು ಇವನೇ."

ಬಂದೂಕು ಹಿಂದೆ ಸರಿಯಿತು. ನಾಲ್ಕು ಹೆಜ್ಜೆ. ಆಮೇಲೆ ಹತ್ತು!

"ತೊಲಗ್ರೋ! ಬೇಗ!"

ಐದು ನಿಮಿಷ ಕಳೆದಿರಲಿಲ್ಲ. ಕನ್ನಡಿಯಲ್ಲಿ ಧೂಳು... ಶೌಖಿಯ ಪಿಕಪ್!

"ಅಣ್ಣಾ, ಸುಳ್ಳು ಅಂತ ಅವನಿಗೆ ಹೆಂಗೆ ಗೊತ್ತಾಯ್ತು?"

"ನಿನ್ನ ಕೆನ್ನೆ ತುಂಬ ಮತ್ತಿನ ಖಾತ್ ಸೊಪ್ಪು! ಜ್ವರ ಬಂದವನು ಸೊಪ್ಪು ಅಗೀತಾನೇನೋ, ಕತ್ತೆ?"

"ನಂಗೆ ಜ್ವರ ಬಂದಿದೆ ಅಂತ ಮೊದ್ಲೇ ಹೇಳ್ಬಾರ್ದಿತ್ತಾ!"

ಢಂ! ಕನ್ನಡಿ ಪುಡಿಯಾಯಿತು.

"ತುಳಿಯೋ!"

ತಿರುವು ದಾಟಿದರೆ ಕ್ಯಾಂಪು. ಜನ ಓಡಿ ಬಂದರು. ಬದುಕಿದೆ ಅಂದುಕೊಂಡೆ.

ಕಲ್ಲು ಬಂತು!

"ಅಲ್ಲೇ ನಿಲ್ಲು! ರೋಗದ ಲಾರಿ!"

ಚೆಕ್‌ಪೋಸ್ಟಿನವನೊಬ್ಬ ಕ್ಯಾಂಪಿನಲ್ಲಿದ್ದ ತನ್ನ ನೆಂಟರಿಗೆ ಫೋನ್ ಮಾಡಿದ್ದ. ನನ್ನ ಸುಳ್ಳು ನನಗಿಂತ ಮೊದಲೇ ಬಂದು ಕೂತಿತ್ತು.

ಮುಂದಿನ ಗಾಜು ಒಡೆಯಿತು. ಹಿಂದೆ ಪಿಕಪ್ ಗಕ್ಕನೆ ನಿಂತಿತು. ಶೌಖಿ ಎದ್ದು ನಿಂತು ನೋಡಿದ. ಐದು ವಾರ ಹಸಿದವರು ಹಿಟ್ಟಿಗೆ ಕಲ್ಲು ಹೊಡೆಯುತ್ತಿದ್ದಾರೆ... ಅವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಪಿಕಪ್ ತಿರುಗಿಸಿಕೊಂಡು ಓಟ!

"ರೋಗ ಇಲ್ಲ! ನಾನು ಸುಳ್ಳು ಹೇಳ್ದೆ!" ಎಂದು ಕೂಗಿದೆ.

ಯಾರೂ ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಗುಂಪು ಸೀಳಿಕೊಂಡು ಒಬ್ಬ ಮುದುಕಿ ಬಂದಳು. ಕೈಯಲ್ಲಿ ಬೋಗುಣಿ. ಅವಳ ಹೆಸರು ತಖಿಯ್ಯಾ. ಯಾರೋ ಅವಳ ತೋಳು ಹಿಡಿದರು.

"ಬಿಡೋ ಕೈ! ಆ ರೋಗ ಕೊಲ್ಲೋಕೆ ಹದಿನಾಲ್ಕು ದಿನ ಬೇಕಂತೆ. ನನ್ನ ಮೊಮ್ಮಗಳಿಗೆ ಅಷ್ಟು ದಿನ ಉಳಿದಿಲ್ಲ."

ನನ್ನ ಕಡೆ ತಿರುಗಿದಳು.

"ಸುಳ್ಳು ಹೇಳಿದ್ದು ನಿಜಾನಾ?"

"ವಲ್ಲಾಹ್, ದೇವರಾಣೆ ನಿಜ ಅಜ್ಜಿ."

"ಹಾಗಾದ್ರೆ ನೀನೇ ಮೊದ್ಲು ತಿನ್ನು."

ಮೂಟೆ ಬಿಚ್ಚಿದೆ. ಅವಳು ಅಲ್ಲೇ ಕಲಸಿ, ತಗಡಿನ ಮೇಲೆ ರೊಟ್ಟಿ ಸುಟ್ಟಳು. ನೂರಾರು ಕಣ್ಣು ನನ್ನ ಬಾಯಿಯ ಮೇಲೆ. ಅಗಿದೆ. ನುಂಗಿದೆ.

"ಹೆಂಗಿದೆ?"

"ಉಪ್ಪಿಲ್ಲ."

"ಉಪ್ಪು ಬೇಕಂತೆ, ಮಹಾರಾಜನಿಗೆ!"

ಯಾರೋ ಕಿಸಕ್ಕನೆ ನಕ್ಕರು. ಒಬ್ಬೊಬ್ಬರ ಕೈಯಿಂದಲೂ ಕಲ್ಲು ಜಾರಿತು. ಬೋಗುಣಿ, ಚೀಲ, ಮುರಿದ ಬಕೆಟ್ಟು ಹಿಡಿದು ಜನ ಸಾಲು ನಿಂತರು.

ನಾನೂ ಹೋಗಿ ಕೊನೆಯಲ್ಲಿ ನಿಂತೆ. ನನ್ನ ಮನೆಯಲ್ಲಿ ಹಿಟ್ಟು ಮುಗಿದು ಮೂರು ದಿನವಾಗಿತ್ತು.