ಒಂದು ಹೊತ್ತಿನ ಜಾಗ

"ಆ ರೂಮು ಬೇಡ ಮಾಪ್ಳೆ. ಅದ್ರಲ್ಲಿ ಮಾಟ ಐತೆ."

ನಾಚಿಯಮ್ಮ ಹೇಳಿದ್ದು ಇಷ್ಟೇ. ಹೇಳಿ, ಬೀಗ ಜಡಿದ ಬಾಗಿಲು ಕಣ್ಣಿಗೆ ಬೀಳದಂತೆ ಮುಖ ತಿರುಗಿಸಿ ನಿಂತಳು. ಅಳಿಯ ದೇವರಾಜನ್ ತುಕ್ಕು ಹಿಡಿದ ಬೀಗಕ್ಕೆ ಸೀಮೆಎಣ್ಣೆ ಬಿಡುತ್ತ ನಕ್ಕ.

"ಮಾಟವಾಗೇ ಐತಲ್ಲ ಅತ್ತೆ! ಇಷ್ಟು ಮಾಟವಾದ ರೂಮು ತಿರುಪ್ಪೂರಿನ ಯಾವ ಲಾಡ್ಜಲ್ಲೈತೆ ಹೇಳಿ? ಬೀದಿಗೇ ಬಾಗಿಲು. ಬರ್ತಾರೆ, ಮಲಗ್ತಾರೆ, ಹೋಗ್ತಾರೆ. ನಮ್ಮ ಒಲೆ ಹೊಗೆ ಕೂಡ ಅವರಿಗೆ ತಾಕಲ್ಲ."

ಕೊಯಮತ್ತೂರಿನಲ್ಲಿ ಬಿ.ಕಾಂ. ಓದಿದ ದೇವರಾಜನ್ ಅಲ್ಲಿಂದ ಪದವಿಗಿಂತ ಹೆಚ್ಚಾಗಿ ಗಂಟಲನ್ನು ಸಂಪಾದಿಸಿಕೊಂಡು ಬಂದಿದ್ದ. ಪ್ರಿನ್ಸಿಪಾಲರ ಮೂಗುಮಾತು, ಟೌನ್ ಬಸ್ಸಿನ ಕಂಡಕ್ಟರನ ಗದರಿಕೆ, ಕಟುಕನ ಕೈಗೆ ಸಿಕ್ಕ ಮೇಕೆಯ ಕೂಗು, ಎಲ್ಲವೂ ಅವನ ಕೊರಳಲ್ಲಿ ಬಾಡಿಗೆಗಿದ್ದವು. ಮನೆ ಅಳಿಯನಾಗಿ ಬಂದ ಮೇಲೆ ಹೊಸದಾಗಿ ಸೇರಿದವನು ಹೋದ ವರ್ಷ ತೀರಿಕೊಂಡ ಮಾವ ಗೋಪಾಲಸಾಮಿ. ಈಗಲೂ ಅವನಿಗೆ ತಡೆಯಲಾಗಲಿಲ್ಲ. ಎದೆಯ ತಳದಿಂದ ಕಫ ಎಳೆದು ಎರಡು ಸಲ ಕೆಮ್ಮಿ, ಮಾವ ಮಗಳನ್ನು ಕರೆಯುತ್ತಿದ್ದ ಅದೇ ಒಡಕು ದನಿಯಲ್ಲಿ ಕೂಗಿದ: "ಏ ವಿಜೀ, ನೀರು!"

ನಾಚಿಯಮ್ಮನ ಕೈಯಲ್ಲಿದ್ದ ಚೊಂಬು ನೆಲಕ್ಕೆ ಬಿತ್ತು.

"ಸತ್ತೋರ ಗಂಟ್ಲು ಎರವಲು ತಗೋಬೇಡಿ ಮಾಪ್ಳೆ," ಎಂದಳು, ಉಸಿರು ಮರಳಿದ ಮೇಲೆ. "ತಿರುಗಿ ಕೇಳಕ್ಕೆ ಬರ್ತಾರೆ."

ಅವನಿಗೆ ಬೇಕಿದ್ದದ್ದು ತಮಾಷೆ ಮಾತ್ರ ಅಲ್ಲ. ಆ ಮನೆ ನಡೆಯುತ್ತಿದ್ದದ್ದು ಹೆಂಡತಿ ವಿಜಯಕುಮಾರಿಯ ಹತ್ತು ಬೆರಳುಗಳ ಮೇಲೆ. ನಡುಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಅವಳು ಬೆನ್ನು ಸೋತಾಗಲೇ ಏಳುತ್ತಿದ್ದದ್ದು. ಬೆಳಿಗ್ಗೆ ಎದ್ದಾಗ ಬೆರಳುಗಳು ಲಾಳಿ ಹಿಡಿದಂತೆಯೇ ಮಡಚಿಕೊಂಡಿರುತ್ತಿದ್ದವು. ದೇವರಾಜನ್ ಎಣ್ಣೆ ಹಚ್ಚಿ ಒಂದೊಂದನ್ನೇ ಬಿಡಿಸುತ್ತಿದ್ದ. ಆ ಹೊತ್ತಿನಲ್ಲಿ ಮಾತ್ರ ಅವನಿಗೆ ಯಾವ ತಮಾಷೆಯೂ ಹೊಳೆಯುತ್ತಿರಲಿಲ್ಲ.

"ಈ ಬೆರಳುಗಳಿಗೆ ರಜೆ ಕೊಡಿಸ್ತೀನಿ ವಿಜಯಾ," ಎಂದಿದ್ದ. ಎಂಬತ್ತಾರರ ಬೇಸಿಗೆ ಅದು. ಬನಿಯನ್ ಕೊಳ್ಳಲು ಬೊಂಬಾಯಿ, ಕಲ್ಕತ್ತಾದ ಸೇಟುಗಳು ಊರು ತುಂಬಿದ್ದರು. ಲಾಡ್ಜುಗಳಲ್ಲಿ ಜಾಗವಿಲ್ಲದೆ ಸ್ಟೇಷನ್ನಿನಲ್ಲಿ ಮೂಟೆಗಳ ಮೇಲೆಯೇ ಮಲಗುತ್ತಿದ್ದರು. ಇಲ್ಲಿ ನೋಡಿದರೆ ಬೀದಿಗೆ ಬಾಗಿಲಿದ್ದ ಕೋಣೆಯೊಂದು ಹಲ್ಲಿಗಳಿಗೆ ಪುಕ್ಕಟೆ ಬಿಟ್ಟುಕೊಟ್ಟಂತೆ ಬಿದ್ದಿತ್ತು.

ಬೀಗ ತೆರೆದುಕೊಂಡಾಗ ನಾಚಿಯಮ್ಮ ಉಳಿದದ್ದನ್ನೂ ಹೇಳಿದಳು. ಆ ಕೋಣೆ ಗೋಪಾಲಸಾಮಿಯ ತಮ್ಮ ರಾಮಲಿಂಗನ ಮಗ್ಗದ ಕೋಣೆ. ಪಾಲಿನ ಜಗಳದಲ್ಲಿ ಅಣ್ಣ ಅವನನ್ನು ಬರಿಗೈಯಲ್ಲಿ ಹೊರಹಾಕಿದ್ದ. ವಿಜಯಕುಮಾರಿ ತೊಟ್ಟಿಲಲ್ಲಿದ್ದ ವರ್ಷ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ರಾಮಲಿಂಗಂ ಜ್ವರದಲ್ಲಿ ನಡುಗುತ್ತ ಈ ಕೋಣೆಯ ಬೀದಿಬಾಗಿಲಿಗೆ ಬಂದ. ಒಂದು ಹೊತ್ತು ಒರಗಲು ಜಾಗ ಕೇಳಿದ. ಒರಗಿದವನು ಏಳುವುದಿಲ್ಲ, ಪಾಲು ಕೇಳುತ್ತಾನೆ ಎಂದು ಹೆದರಿ ಗೋಪಾಲಸಾಮಿ ಬಾಗಿಲು ದೂಡಿದ. ತಮ್ಮನ ಬೆರಳುಗಳು ಚೌಕಟ್ಟನ್ನು ಹಿಡಿದಿದ್ದವು. ಅಣ್ಣನಿಗೆ ಅದು ಕಾಣುತ್ತಿತ್ತು. ತೇಗದ ಬಾಗಿಲು ಪೂರ್ತಿ ಕೂರಲಿಲ್ಲವೆಂದು ಹೆಗಲು ಕೊಟ್ಟು ಒತ್ತಿದ.

"ಎಂಟು ಬೆರಳು ಮಾಪ್ಳೆ. ಒಳಗೆ ಬಿದ್ದದ್ದನ್ನ ನಾನೇ ಬಾಚಿ ಮಗ್ಗದ ಕುಣೀಲಿ ಮುಚ್ಚಿದೆ. ಈ ಕೈಯಲ್ಲೇ."

ಗಾಯ ಮಾಯ್ದ ಮೇಲೆ ರಾಮಲಿಂಗಂ ಪಾಲಕ್ಕಾಡಿನ ಕಡೆಯ ಮಂತ್ರವಾದಿಯೊಬ್ಬನನ್ನು ಕರೆತಂದು ಹೊಸ್ತಿಲ ಹೊರಗಡೆ ತಾಮ್ರದ ತಗಡು ಹೂಳಿಸಿದ. ತನ್ನ ರಕ್ತ ಕುಡಿದ ಬಟ್ಟೆಯನ್ನು ಅದಕ್ಕೆ ಸುತ್ತಿಸಿದ. ಬೀದಿಯೆಲ್ಲ ಕೇಳುವಂತೆ ಕೂಗಿದ: "ನಂಗಿಲ್ಲದ ಜಾಗ ಬೇರೆ ಯಾವನಿಗೂ ಇಲ್ಲ ಅಣ್ಣಾ! ಹೊರಗಿನವನು ಒಬ್ಬ ಇಲ್ಲಿ ಒರಗಲಿ, ಅವನ ಮೈಮೇಲೆ ನಾನು ಬರ್ತೀನಿ. ನನ್ನ ಬೆರಳಿಗೆ ನಿನ್ನ ಮನೆ ಬೆರಳು!" ಕೂಗಿ ಹೋದವನು ಆ ಮಳೆಗಾಲ ದಾಟಲಿಲ್ಲ.

"ಅದಕ್ಕೇ ಅಪ್ಪ ನೆಂಟರನ್ನ ಕೂಡ ಈ ಮನೇಲಿ ಮಲಗಿಸ್ತಿರಲಿಲ್ಲ," ಎಂದಳು ವಿಜಯಕುಮಾರಿ, ಮಗ್ಗದಿಂದ ತಲೆ ಎತ್ತದೆ. "ಬೇಡ ಬಿಡೀಂಗೊ."

"ನಿಮ್ಮಪ್ಪ ಕಂಜೂಸು ಅನ್ನೋದಕ್ಕೆ ಎಷ್ಟು ದೊಡ್ಡ ಕತೆ!" ಎಂದ ದೇವರಾಜನ್.

ಮಾರನೆಯ ದಿನದಿಂದ ಸುಣ್ಣ, ಬ್ರಷ್ಷು, ಹತ್ತಿಯ ಹಾಸಿಗೆ, ಸೊಳ್ಳೆಪರದೆ, ಕನ್ನಡಿ. ಸೇಟುಗಳ ಮೂಟೆ ಒಳಗೆ ಉರುಳಲು ಹೊಸ್ತಿಲು ಅಡ್ಡವೆಂದು ಹಾರೆ ಹಿಡಿದು ತಾನೇ ಕಿತ್ತ. ಕಲ್ಲಿನಡಿ ತಗಡು ಸಿಕ್ಕಿತು. ಅದರ ಮೇಲೆ ಗೆರೆ, ಚುಕ್ಕೆ, ಯಾವುದೋ ಅಕ್ಷರ. ಸುತ್ತಿದ್ದ ಬಟ್ಟೆ ಒಣಗಿದ ತೊಗಲಿನಂತೆ ಕರ್ರಗಾಗಿತ್ತು. ಮೂಗಿಗೆ ಹಿಡಿದರೆ ಇಷ್ಟು ವರ್ಷಗಳ ನಂತರವೂ ಹಸಿ ಕಬ್ಬಿಣದ ವಾಸನೆ.

ನಾಚಿಯಮ್ಮ ಕಿರುಚಿಕೊಂಡು ಹಿತ್ತಿಲಿಗೆ ಓಡಿದಳು. ದೇವರಾಜನ್ ಆ ಚಿಂದಿಯನ್ನು ಕಾಲಿನಿಂದ ಒಳಗೆ ದೂಡಿ, ಹಳೆಯ ಮಗ್ಗದ ಕುಣಿಗೆ ಬೀಳಿಸಿದ. ಕುಣಿಗೆ ಹಲಗೆ ಹೊಡೆದು, ಅದರ ಮೇಲೆಯೇ ಮಂಚ ಹಾಕಿದ. ಹೊರಗಿದ್ದ ರಕ್ತ, ಒಳಗಿದ್ದ ಬೆರಳುಗಳ ಜೊತೆ ಸೇರಿತು. ತಗಡನ್ನು ತಿಕ್ಕಿ ತೊಳೆದು, ಅಂಚು ಮಡಿಸಿ ಕಿಟಕಿಯ ಮೇಲಿಟ್ಟ.

"ಸೇಟು ಬೀಡಿ ಸೇದಿದ್ರೆ ಬೂದಿ ಹಾಕಕ್ಕೆ," ಎಂದ.

ಮೊದಲ ಅತಿಥಿಯನ್ನು ತಂದವನು ಸ್ಟೇಷನ್ನಿನ ಕುದುರೆಗಾಡಿ ಶಣ್ಮುಗಂ. ಬೀದಿಯ ತುದಿಯಲ್ಲೇ ಪೆಟ್ಟಿಗೆ ಇಳಿಸಿ, "ಅಲ್ಲಿ ಗಾಡಿ ತಿರುಗಲ್ಲ ಸಾರ್" ಎಂದ. ಎರಡು ಲಾರಿ ಎದುರುಬದುರು ಹೋಗುವ ಬೀದಿ ಅದು.

ಕಲ್ಕತ್ತಾದ ಸೇಟು ದುಂಡಗೆ, ಬೆಳ್ಳಗೆ, ಅತ್ತರು ಘಮಘಮಿಸುತ್ತ ಬಂದ. ಹಿಂದಿ ಬಿಟ್ಟರೆ ಬೇರೆ ಭಾಷೆ ಬಾರದು. ಇರುವೆಯನ್ನೂ ತುಳಿಯದಂತೆ ಹೆಜ್ಜೆ ಇಡುವ ಮನುಷ್ಯ. ವಿಜಯಕುಮಾರಿ ಬಡಿಸಿದ್ದನ್ನು ತೃಪ್ತಿಯಾಗಿ ಉಂಡ, ಕೈಮುಗಿದ, ಒಂದು ಬೀಡಿ ಸೇದಿ ತಗಡಿನ ಮೇಲೆ ಹೊಸಕಿದ. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದವನು, ಬಿಸಿಲು ನೆತ್ತಿಗೇರುವ ಹೊತ್ತಿಗೆ ಮಂಚದ ಮೇಲೆ ಒರಗಿದ. ಗೊರಕೆ ಮನೆಯನ್ನು ತುಂಬಿತು.

"ಕೇಳಿದ್ರಾ ಅತ್ತೆ? ನಿಮ್ಮ ಮಾಟದ ಸಂಗೀತ!" ದೇವರಾಜನ್ ಗೊರಕೆಯನ್ನೇ ಅನುಕರಿಸಿ ತೋರಿಸಿದ.

ಆಗ ಕರೆಂಟು ಹೋಯಿತು.

ಪಕ್ಕದ ಬನಿಯನ್ ಕಂಪನಿಯ ಮಿಷನ್ನುಗಳು ಒಮ್ಮೆಲೇ ನಿಂತವು. ಬೀದಿಯಲ್ಲಿ ಒಂದು ಕಾಗೆಯೂ ಇಲ್ಲ. ಕೋಣೆಗೂ ನಡುಮನೆಗೂ ನಡುವಿನ ಮುಚ್ಚಿದ ಬಾಗಿಲಿನ ಸಂದಿಯಿಂದ ಒಂದು ವಾಸನೆ ನಿಧಾನವಾಗಿ ಹರಿದುಬಂತು. ನೂಲಿಗೆ ಹಾಕುವ ಗಂಜಿ ಹುಳಿತು ಕೊಳೆತ ವಾಸನೆ. ಅದರಡಿಯಲ್ಲಿ ಹಸಿ ಕಬ್ಬಿಣ. ಜೊತೆಗೆ ಟಕ್... ಟಕ್... ಟಕ್... ಮಗ್ಗದ ಹಲಗೆ ಬಡಿಯುವ ಸದ್ದು.

ಊಟವಾದ ಕೂಡಲೇ ಹೆಂಡತಿ ಮಗ್ಗಕ್ಕೆ ಕೂತಳಲ್ಲ ಎಂದು ಬೇಸರಪಟ್ಟು ದೇವರಾಜನ್ ತಿರುಗಿದ. ನಡುಮನೆಯ ಮಗ್ಗ ಖಾಲಿ ಇತ್ತು. ವಿಜಯಕುಮಾರಿ ಅಡುಗೆಮನೆಯ ಬಾಗಿಲಲ್ಲಿ, ಅನ್ನ ಮೆತ್ತಿದ ಕೈ ಹಾಗೆಯೇ ಹಿಡಿದು, ಕಣ್ಣು ಅರಳಿಸಿ ನಿಂತಿದ್ದಳು.

ಟಕ್. ಟಕ್. ಮಂಚದ ಕೆಳಗಿನಿಂದ.

ಗೊರಕೆ ನಿಂತಿತು.

"ಅಣ್ಣಾ..." ಒಳಗಿನಿಂದ ಸೇಟುವಿನ ದನಿ. ಹಿಂದಿಯಲ್ಲ. ಈ ಬೀದಿಯ ಕನ್ನಡ, ತಮಿಳಿನ ಎಳೆತ ಬೆರೆತ ಮನೆಮಾತು. "ಬಾಗ್ಲು ತೆಗಿಯಣ್ಣಾ. ಜ್ವರ ಸುಡ್ತೈತೆ. ಒಂದು ಹೊತ್ತು ಒರಗ್ತೀನಿ."

ನಾಚಿಯಮ್ಮ ಗೋಡೆಗೆ ಒರಗಿ ಜಾರಿ ಕೂತಳು. ದೇವರಾಜನ್ ಮಾತ್ರ ಬೆರಗಾಗಿ ನಕ್ಕ. "ಅಬ್ಬಬ್ಬಾ! ಸೇಟು ನಮ್ಮ ಕಸುಬಿನವನೇ! ಎಷ್ಟು ಬೇಗ ಕಲಿತುಬಿಟ್ಟ ನೋಡಿ."

"ತೆಗೀಬೇಡೀಂಗೊ!" ವಿಜಯಕುಮಾರಿ ಕೂಗಿದಳು.

ತೆಗೆದುಬಿಟ್ಟ.

ಸೇಟು ಕತ್ತಲಲ್ಲಿ ನೆಟ್ಟಗೆ ನಿಂತಿದ್ದ. ಕಣ್ಣು ಮುಚ್ಚಿಯೇ ಇದ್ದವು. ಎರಡೂ ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದಿದ್ದ. ಹೆಬ್ಬೆರಳು ಬಿಟ್ಟು ಎಂಟು ಬೆರಳುಗಳೂ ಬುಡದಲ್ಲೇ ಮುರಿದಂತೆ ಜೋತಾಡುತ್ತಿದ್ದವು. ಮುಖ ಮೆಲ್ಲಗೆ ವಿಜಯಕುಮಾರಿಯ ಕಡೆ ತಿರುಗಿತು.

"ಅಣ್ಣನ ಮಗಳಾ? ತೊಟ್ಟಿಲಲ್ಲಿದ್ದವಳು? ಕೈ ತೋರ್ಸು ಕಂದಾ."

ಆ ದಪ್ಪ ಮೈ ಹಾರಿತು. ದೇವರಾಜನ್ ಪಕ್ಕಕ್ಕೆ ಎಸೆಯಲ್ಪಟ್ಟು ಮಗ್ಗದ ಕಂಬಕ್ಕೆ ಅಪ್ಪಳಿಸಿದ. ಎದ್ದು ನೋಡುವಾಗ ಸೇಟು ಅವಳ ಎರಡೂ ಮಣಿಕಟ್ಟು ಹಿಡಿದು ನೆಲದ ಮೇಲೆ ದರದರ ಎಳೆದೊಯ್ಯುತ್ತಿದ್ದ. ಕೋಣೆಯ ಆಚೆ ತುದಿಗೆ. ಬೀದಿಯ ತೇಗದ ಬಾಗಿಲಿಗೆ.

"ಅವಳನ್ನ ಬಿಡೋ! ನಂದು ತಗೋ!" ನಾಚಿಯಮ್ಮ ಕಾಲಿಗೆ ಬಿದ್ದಳು. ಸೇಟು ಅವಳ ಎದೆಗೆ ಒದ್ದ. ಅವಳ ಬಾಯಿಂದ ರಕ್ತ ಬಂತು.

"ಹೊರಗಿನಿಂದ ಬಂದವಳ ಬೆರಳು ನಂಗೆ ಬೇಡ ಅತ್ತಿಗೆ."

ದೇವರಾಜನ್ ಹಾರೆ ಎತ್ತಿದ. ಬೆನ್ನಿಗೆ ಹೊಡೆದ. ಇನ್ನೊಮ್ಮೆ ಹೊಡೆದ. ಮೂಳೆ ಲಟಕ್ಕೆಂದಿತು. ಸೇಟು ತಿರುಗಲೂ ಇಲ್ಲ. ಬಾಗಿಲು ತೆರೆದ. ಬಿಸಿಲು ಬೆಂಕಿಯಂತೆ ಒಳಗೆ ಸುರಿಯಿತು. ಅವಳ ಬೆರಳುಗಳನ್ನು ಚೌಕಟ್ಟಿಗೆ ಒತ್ತಿ ಹಿಡಿದ. ಎಣ್ಣೆ ಹಚ್ಚಿ ಬಿಡಿಸಿದ ಬೆರಳುಗಳು. ಒಂದೊಂದೂ ಅವನಿಗೆ ಗೊತ್ತು.

ಬಾಗಿಲು ಬಂತು.

ಅವಳು ಕೈ ಜಗ್ಗಿದಳು. ಎಲ್ಲ ತಪ್ಪಿಸಿಕೊಂಡವು. ಕಿರುಬೆರಳು ತಪ್ಪಲಿಲ್ಲ. ಅವಳು ಕೂಗಿದಳು. ಸೇಟು ಮತ್ತೆ ಬಾಗಿಲು ತೆರೆದ. ಮತ್ತೆ ಅವಳ ಕೈ ಹಿಡಿದ.

ಆಗ ದೇವರಾಜನ ಎದೆಯ ತಳದಲ್ಲಿ ಕಫ ಎದ್ದಿತು. ಎರಡು ಸಲ ಕೆಮ್ಮಿದ.

"ಲೇ ರಾಮಲಿಂಗಾ!"

ಬಾಗಿಲು ನಿಂತಿತು.

"ಅದು ಹಸುಗೂಸು ಕಣೋ ಆವತ್ತು. ಬಾಗ್ಲು ಹಾಕಿದವನು ನಾನು. ಅವಳನ್ನ ಬಿಡು. ಬಾ, ಒಳಗೆ ಬಾ ತಮ್ಮಾ. ಒರಗು."

ಸೇಟುವಿನ ಕಣ್ಣು ಮೊದಲ ಬಾರಿಗೆ ತೆರೆದವು. ಒಳಗೆ ಬರೀ ಬಿಳುಪು. ತುಟಿ ಅಗಲವಾಯಿತು. ವಿಜಯಕುಮಾರಿಯನ್ನು ಹಳೆಯ ಬಟ್ಟೆಯಂತೆ ಬಿಸಾಕಿದ.

"ಬಂದ್ಯಾ ಅಣ್ಣಾ? ಎಷ್ಟು ವರ್ಷ ಆಯ್ತು, ಒರಗು ಅಂತ ನೀನು ಹೇಳಕ್ಕೆ." ಒಂದೊಂದೇ ಹೆಜ್ಜೆ ಹತ್ತಿರ ಬಂದ. ಅತ್ತರು. ಗಂಜಿ. ರಕ್ತ. "ಒರಗ್ತೀನಿ. ಮೊದ್ಲು ನನ್ನ ಬೆರಳು."

ದೇವರಾಜನ್ ಹಿಂದೆ ಸರಿದ. ಸಾಕು. ಆಟ ಮುಗಿಯಿತು. ಹೆಂಡತಿ ಉಳಿದಳು. ಇನ್ನು ತನ್ನ ದನಿಯಲ್ಲಿ ನಿಜ ಹೇಳಿದರಾಯಿತು. ಬಾಯಿ ತೆರೆದ.

"ನಾನು ಅವನಲ್ಲ!"

ಹೊರಬಂದದ್ದು ಗೋಪಾಲಸಾಮಿಯ ದನಿ.

ಗಂಟಲು ಹಿಡಿದುಕೊಂಡ. ಉಗುಳು ನುಂಗಿದ. "ನಾನು ದೇವರಾಜನ್! ನಾನು ಅಳಿಯ!" ಮತ್ತೆ ಅದೇ ಒಡಕು. ಅದೇ ಕಫ.

"ಆವತ್ತೂ ನೀನು ಹಿಂಗೇ ಅಣ್ಣಾ," ಎಂದಿತು ಅದು. "ನೀನು ಯಾರೋ ನಂಗೆ ಗೊತ್ತಿಲ್ಲ, ಅಂದಿದ್ದೆ."

ಕೈ ಹಿಡಿಯಿತು. ಎಳೆಯಿತು. ಚೌಕಟ್ಟು ಬಿಸಿಲಿಗೆ ಕಾದಿತ್ತು. ಬೆರಳು ಸುಟ್ಟವು. ಮಂತ್ರವಿಲ್ಲ. ಹೊಗೆಯಿಲ್ಲ. ಬರೀ ಒಂದು ಬಾಗಿಲು. ಬಂತು. ಕೂರಲಿಲ್ಲ. ಹೆಗಲು ಕೊಟ್ಟು ಒತ್ತಿತು. ಹಸಿ ಕಡ್ಡಿ ಮುರಿದ ಸದ್ದು. ಒಂದಾದ ಮೇಲೆ ಒಂದು. ಕಟುಕನ ಕೈಗೆ ಸಿಕ್ಕ ಮೇಕೆಯಂತೆ ಕೂಗಬೇಕೆನಿಸಿತು. ಅದು ಕೂಡ ಮಾವನ ಕೊರಳಲ್ಲೇ ಬಂತು.

ಕರೆಂಟು ಬಂತು. ಮಿಷನ್ನುಗಳು ಮತ್ತೆ ಗರಗರ ಎಂದವು. ಸೇಟು ಒಳ್ಳೆಯ ನಿದ್ದೆಯಿಂದ ಎದ್ದವನಂತೆ ಕಣ್ಣುಜ್ಜಿಕೊಂಡು, ಹಿಂದಿಯಲ್ಲಿ ನೀರು ಕೇಳಿದ. ಆಮೇಲೆ ತನ್ನ ಧೋತರ ನೋಡಿಕೊಂಡ. ನೆಲ ನೋಡಿದ. ಮುರಿದ ಬೆನ್ನನ್ನು ಹಿಡಿದು, ಚಪ್ಪಲಿ ಪೆಟ್ಟಿಗೆ ಎಲ್ಲ ಬಿಟ್ಟು ಬೀದಿಗೆ ತೆವಳಿದವನು ಮತ್ತೆ ತಿರುಪ್ಪೂರಿಗೆ ಬರಲಿಲ್ಲ.

ಬಾಗಿಲಿಗೆ ಇಟ್ಟಿಗೆ ಕಟ್ಟಿಸಿದರು. ಮಾಟ ತೆಗೆಸಲು ಯಾರನ್ನೂ ಕರೆಸಬೇಕಾಗಲಿಲ್ಲ. ಅದು ಕೇಳಿದ್ದು ಅದಕ್ಕೆ ಸಿಕ್ಕಿತ್ತು. ನಾಚಿಯಮ್ಮ ಈ ಸಲವೂ ಬಾಚಿ ಅದೇ ಕುಣಿಯಲ್ಲಿ ಮುಚ್ಚಿದಳು.

ವಿಜಯಕುಮಾರಿಯ ಕಿರುಬೆರಳು ಸೊಟ್ಟಗಾಗಿ ಉಳಿಯಿತು. ಮಿಕ್ಕವು ನೆಟ್ಟಗಿದ್ದವು. ಅವಳು ಮತ್ತೆ ಮಗ್ಗಕ್ಕೆ ಕೂತಳು. ದೇವರಾಜನ ಕೈಗಳಲ್ಲಿ ಹೆಬ್ಬೆರಳು ಎರಡು ಮಾತ್ರ. ಗಂಟಲು ನೋಡಿದ ಡಾಕ್ಟರು ಆಘಾತ, ತಾನಾಗೇ ಸರಿಹೋಗುತ್ತದೆ ಎಂದರು. ಯಾರೂ ಇಲ್ಲದಾಗ ಅವನು ಒಂದೊಂದೇ ದನಿ ಪ್ರಯತ್ನಿಸುತ್ತಿದ್ದ. ಪ್ರಿನ್ಸಿಪಾಲರು. ಕಂಡಕ್ಟರು. ಕೊನೆಗೆ ತನ್ನದೇ, ದೇವರಾಜನದು. ಬರುತ್ತಿದ್ದದ್ದು ಮಾವ ಒಬ್ಬನೇ. ಹಾಗಾಗಿ ಮಾತು ಬಿಟ್ಟ. ಸನ್ನೆ ಮಾಡೋಣವೆಂದರೆ ಬೆರಳಿರಲಿಲ್ಲ.

ಒಂದು ಮಧ್ಯಾಹ್ನ ಬಾಯಾರಿಕೆ ತಡೆಯಲಾಗಲಿಲ್ಲ. ಚೊಂಬು ಎತ್ತಲು ಹೋದ. ಜಾರಿ ಉರುಳಿತು. ನಡುಮನೆಯಲ್ಲಿ ಮಗ್ಗ ಟಕ್ ಟಕ್ ಎನ್ನುತ್ತಿತ್ತು. ತುಟಿ ಕಚ್ಚಿ ಹಿಡಿದ. ಆಗಲಿಲ್ಲ. ತಾನಾಗಿಯೇ ಕೆಮ್ಮು ಬಂತು, ಎರಡು ಸಲ.

"ಏ ವಿಜೀ, ನೀರು!"

ಮಗ್ಗ ನಿಂತಿತು. ಒಳಗಿನಿಂದ ವಿಜಯಕುಮಾರಿಯ, ಹೆದರಿಕೆಯೇ ಇಲ್ಲದ, ಪುಟ್ಟ ಹುಡುಗಿಯಂಥ ದನಿ:

"ಬಂದೆ ಅಪ್ಪಾ."

ಅವಳು ನೀರು ತಂದಳು. ಚೊಂಬನ್ನು ಅವನ ತುಟಿಗೆ ಹಿಡಿದು ಕುಡಿಸಿದಳು. ಹೆಂಡತಿ ಕೂರಲೆಂದು ಅವನು ಮಂಚದಲ್ಲಿ ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಸೆರಗು ಸರಿಪಡಿಸಿಕೊಂಡು, ಎರಡು ಹೆಜ್ಜೆ ಹಿಂದೆ ಹೋಗಿ, ತಲೆ ತಗ್ಗಿಸಿ ನಿಂತಳು. ಅಪ್ಪನ ಎದುರು ಕೂರುವ ರೂಢಿ ಆ ಮನೆಯಲ್ಲಿ ಇರಲಿಲ್ಲ.