ಹೀರುಕೋಶ

ಅಂಗೈಯಗಲದ ಗಾಡಿ ಮೇಜಿನ ಕಾಲುಗಳ ನಡುವೆ ನುಸುಳಿ ಗೋಡೆಯ ಪಕ್ಕಕ್ಕೆ ಹೋಗಿ ನಿಂತುಕೊಂಡಿತು. ಚಾರ್ಜರಿನ ಮುಖ ನೋಡದೆ ಅದು ಓಡುತ್ತಿರುವುದು ಅಂದಿಗೆ ತೊಂಬತ್ತೆಂಟನೆಯ ದಿನ. ಗುರುಪಾದಪ್ಪ ಹಂಚಿನಮನಿಯವರು ವೋಲ್ಟು ಅಳೆದು ಪಟ್ಟಿಯಲ್ಲಿ ಬರೆದರು: ಏಳು ಪಾಯಿಂಟ್ ಎರಡು. ನಾಲ್ಕು ದಿನದಿಂದ ಇಳಿಯುತ್ತಲೇ ಇತ್ತು.

ಹುಬ್ಬಳ್ಳಿಯ ಪೆಟ್ರೋಲ್ ಬಂಕುಗಳೆಲ್ಲ ಮದುವೆ ಮಂಟಪಗಳಾಗಿ ಹತ್ತು ವರ್ಷ ಕಳೆದಿದ್ದ ಕಾಲ ಅದು. ವಾಚಿನಿಂದ ಬಸ್ಸಿನವರೆಗೆ ಎಲ್ಲವೂ ಲಿಥಿಯಂ ಬ್ಯಾಟರಿಯ ಮೇಲೆಯೇ. ಮನುಷ್ಯನಿಗೆ ಉಳಿದಿದ್ದ ದೊಡ್ಡ ತಾಪತ್ರಯವೆಂದರೆ ಚಾರ್ಜು ಮಾಡುವುದು. ಅದಕ್ಕೆ ವಿಜ್ಞಾನಿ ಪದ್ಮಾವತಿ ಕಬ್ಬೂರ ಕಂಡುಹಿಡಿದ ಮದ್ದೇ ಹೀರುಕೋಶ. ಮೊಬೈಲು, ರೇಡಿಯೋ, ನಿಸ್ತಂತು ಚಾರ್ಜರುಗಳಿಂದ ಗಾಳಿಗೆ ಸೋರಿಹೋಗುವ ಅಲೆಗಳನ್ನು ಹನಿಹನಿಯಾಗಿ ಹೀರಿ ತನ್ನನ್ನು ತಾನೇ ತುಂಬಿಕೊಳ್ಳುವ ಬ್ಯಾಟರಿ. ಪರೀಕ್ಷೆಗೆಂದು ಎರಡನ್ನು ಅವರು ಗುರುಪಾದಪ್ಪನವರಿಗೆ ಕೊಟ್ಟಿದ್ದರು. ನಿವೃತ್ತ ಎಲೆಕ್ಟ್ರಿಷಿಯನ್ನರಾದ ಇವರಿಗೆ ಆಟದ ಗಾಡಿ ಕಟ್ಟುವ ಹುಚ್ಚು. ದಿನಕ್ಕೆ ಹತ್ತೇ ಮಾರು ಓಡಿದರೂ ಸರಿ, ನೂರು ದಿನ ಓಡಿದರೆ ಹವ್ಯಾಸಿಗಳ ಸಂಘದಲ್ಲಿ ಇವರನ್ನು ಹಿಡಿಯುವವರೇ ಇರಲಿಲ್ಲ.

ಗಾಡಿಯೊಳಗಿನ ಕಿರುನಿಯಂತ್ರಕಕ್ಕೆ ಅವರು ಹೇಳಿಕೊಟ್ಟದ್ದು ಒಂದೇ ಪಾಠ: ವೋಲ್ಟು ಎಲ್ಲಿ ಏರುತ್ತದೋ ಅಲ್ಲಿ ಹೋಗಿ ನಿಲ್ಲು. ಅದು ಮನೆಯೆಲ್ಲ ಸುತ್ತಿ ಆರಿಸಿಕೊಂಡದ್ದು ಪಕ್ಕದ ಮನೆಗೆ ಅಂಟಿದ ಈ ಗೋಡೆಯನ್ನು.

ಪಕ್ಕದ ಮನೆಯ ದಸ್ತಗೀರಸಾಬರು ಹಾರ್ಮೋನಿಯಂ ರಿಪೇರಿಯವರು. ಹಾರ್ಮೋನಿಯಂಗೆ ಇಲ್ಲಿ ಪೇಟಿ ಎನ್ನುವುದರಿಂದ ಊರಿಗೆಲ್ಲ ಪೇಟಿ ದಸ್ತಗೀರ. ಕಿವಿ ಮಂದವಾಗಿದ್ದರೂ ಕಿವಿಯಂತ್ರ ಹಾಕಿಕೊಂಡು ಕೂತರೆ ಸ್ವರ ಕೂದಲೆಳೆಯಷ್ಟು ಸರಿದರೂ ಹಿಡಿಯುತ್ತಿದ್ದರು. ಮೂರು ತಿಂಗಳಿಂದ ಮಾತ್ರ, ಕೆಲಸಕ್ಕೆ ಕೂತ ಅರ್ಧ ತಾಸಿಗೇ ಸಣ್ಣ ಸ್ವರಗಳು ಮಾಯವಾಗುತ್ತಿದ್ದವು. "ಗುರುಪಾದಾ, ಇದರ ಬ್ಯಾಟರಿ ನೋಡೋ" ಎಂದು ಬಂದಾಗ ಇವರು ಅಳೆದು ನೋಡಿದ್ದರು. ಆಗಷ್ಟೇ ಚಾರ್ಜಿನಿಂದ ತೆಗೆದ ಬ್ಯಾಟರಿ, ತುಂಬಿಯೇ ಇತ್ತು. "ಬ್ಯಾಟರಿ ಛಲೋ ಅದನೋ. ವಯಸ್ಸಾತಲ್ಲ, ಕಿವಿ ಕೈ ಕೊಟ್ಟಾವು" ಎಂದುಬಿಟ್ಟಿದ್ದರು.

ಅಂದು ಗೊತ್ತಿರಲಿಲ್ಲ, ನಿಜ. ಆದರೆ ನಲವತ್ತನೆಯ ದಿನ ಪಟ್ಟಿಯ ಮೇಲೆ ಕಣ್ಣಾಡಿಸುವಾಗ ಒಂದು ಸಂಗತಿ ಹೊಳೆದಿತ್ತು. ವೋಲ್ಟು ಏರುತ್ತಿದ್ದುದು ಬೆಳಿಗ್ಗೆ ಹತ್ತರಿಂದ ಹತ್ತೂವರೆಯವರೆಗೆ, ಗೋಡೆಯಾಚೆ ಪೇಟಿ ನುಡಿಯತೊಡಗುವ ಹೊತ್ತಿನಲ್ಲಿ. ಶುಕ್ರವಾರ ಏರುತ್ತಿರಲಿಲ್ಲ, ಶುಕ್ರವಾರ ದಸ್ತಗೀರಸಾಬರಿಗೆ ರಜೆ. ನಲವತ್ತು ವರ್ಷ ವೈರಿನ ಜೊತೆ ಬಾಳಿದವರಿಗೆ ಅಷ್ಟು ತಿಳಿಯದೆ ಇದ್ದೀತೇ? ತಿಳಿದಿತ್ತು. ನೂರು ಮುಗಿಯಲಿ, ಆಮೇಲೆ ನೋಡೋಣ ಎಂದು ಕಂಡೂ ಕಾಣದಂತೆ ಇದ್ದುಬಿಟ್ಟರು. ಗಾಡಿ ಆ ಗೋಡೆ ಬಿಟ್ಟು ಸರಿದಾಗ ಕಾಲಿನಿಂದ ಅತ್ತಲೇ ತಳ್ಳಿದ್ದೂ ಉಂಟು.

ಈಗ ವೋಲ್ಟು ಇಳಿಯುತ್ತಿದೆಯೆಂದು ಕೇಳಿ ಪದ್ಮಾವತಿ ತಾವೇ ಬಂದರು. ಪಟ್ಟಿ ನೋಡಿದವರ ಹುಬ್ಬು ಗಂಟಿಕ್ಕಿತು.

"ಇದು ಗಾಳಿಯಾಗಿನ ಅಲಿ ಹೀರಿದ್ದಲ್ಲ ಕಾಕಾ. ಹತ್ರ ಇದ್ದ ಇನ್ನೊಂದು ಬ್ಯಾಟರೀನ್ನ ಹೀರೇದ."

"ಅದ್ಹೆಂಗ್ರಿ ಮೇಡಂ?"

"ತುಂಬಿದ ಗಿಂಡಿಗೂ ಖಾಲಿ ಗಿಂಡಿಗೂ ನಡುವ ಅರಿವಿ ಬತ್ತಿ ಇಟ್ರ ನೀರು ಹರೀತದಲ್ಲ, ಹಂಗ. ನಿಸ್ತಂತು ಚಾರ್ಜಿನ ಸುರುಳಿ ಇದ್ದ ಬ್ಯಾಟರಿ ಆದ್ರ ಆ ಸುರುಳೀನ ಬತ್ತಿ. ಸಣ್ಣ ಬ್ಯಾಟರಿ ಅರ್ಧ ತಾಸಿನ್ಯಾಗ ಬರಿದು. ನನಗ ಇದು ಹೊಳೀಲೇ ಇಲ್ಲ, ತಪ್ಪು ನಂದು. ಗ್ವಾಡಿ ಆಚೆ ಯಾರಿದ್ದಾರ?"

"ಪೇಟಿ ದಸ್ತಗೀರ. ಕಿವಿಯಂತ್ರ ಹಾಕ್ಕೊಂತಾನ್ರಿ." ಗುರುಪಾದಪ್ಪನವರು ಪಟ್ಟಿಯನ್ನು ಮಡಿಚಿದರು. "ನಾಲ್ಕು ದಿನ ಆತು ಕೆಲಸ ಬಿಟ್ಟು. ಇನ್ನ ಕಿವಿ ನಂಬಂಗಿಲ್ಲ ಅಂತ ಯಂತ್ರ ತಗದು ಡಬ್ಬ್ಯಾಗ ಇಟ್ಟ. ರಿಪೇರಿ ಹತ್ಯಾರ ಎಲ್ಲಾ ಗದಗಿನ ತನ್ನ ಶಿಷ್ಯ ಈರಣ್ಣಗ ಕೊಟ್ಟುಬಿಟ್ಟ."

ಪದ್ಮಾವತಿ ಗೋಡೆಯತ್ತ ತಿರುಗಿದರು. "ನಾನು ಬಂದು ಹೇಳ್ಲೇನು?"

"ಬ್ಯಾಡ್ರಿ. ನಿಮಗ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ಅವರು ಗಾಡಿಯಿಂದ ಎರಡೂ ಕೋಶ ಕಿತ್ತು ಪದ್ಮಾವತಿಯ ಕೈಗಿಟ್ಟು ಪಕ್ಕದ ಮನೆಗೆ ಹೋದರು. ದಸ್ತಗೀರಸಾಬರಿಗೆ ಸನ್ನೆ ಮಾಡಿ, ಕಿವಿಯಂತ್ರವನ್ನು ಡಬ್ಬಿಯಿಂದ ತೆಗೆಸಿ, ಚಾರ್ಜಿಗಿಟ್ಟು ಒಂದು ತಾಸು ಎದುರಿಗೆ ಕೂತರು. ಅಷ್ಟು ಉದ್ದದ ತಾಸನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಯಂತ್ರ ಕಿವಿ ಸೇರಿದ ಮೇಲೆ ಒಂದನ್ನೂ ಮುಚ್ಚಿಡದೆ ಹೇಳಿದರು, ಕಾಲಿನಿಂದ ತಳ್ಳಿದ್ದನ್ನೂ.

ದಸ್ತಗೀರಸಾಬರು ತಮ್ಮ ಖಾಲಿ ಕೈಗಳನ್ನು ನೋಡಿಕೊಂಡರು.

"ಕಿವಿ ಡಾಕ್ಟರು ಹೇಳಿದ್ರು ನನಗ. ಕಿವಿ ಮೊದಲ ಹೆಂಗಿದ್ವು ಹಂಗ ಅದಾವು, ಬ್ಯಾಟರಿ ನೋಡಸ್ರಿ ಅಂದ್ರು. ನಾನು ನಕ್ಕೆ. ನಮ್ಮ ಗುರುಪಾದ ನೋಡ್ಯಾನ್ರಿ, ಅಂವಾ ಛಲೋ ಅದ ಅಂದ ಮ್ಯಾಲೆ ಮುಗೀತು ಅಂದು ಎದ್ದು ಬಂದೆ."

ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತೇನೆ ಅನ್ನಿಸಿತು ಗುರುಪಾದಪ್ಪನವರಿಗೆ. ಬೈಸಿಕೊಳ್ಳಲು ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದರು. ಒಂದು ಬೈಗುಳವಾದರೂ ಬಂದಿದ್ದರೆ ಎದೆ ಹಗುರಾಗುತ್ತಿತ್ತೇನೋ.

"ಕೊಟ್ಟ ಹತ್ಯಾರ ವಾಪಸ್ ಕೇಳಾಕ ನನಗ ಬಾಯಿ ಬರೂದಿಲ್ಲ," ಎಂದರು ದಸ್ತಗೀರಸಾಬರು. "ನಾಳೆ ಗದಗಿಗೆ ನನ್ನ ಜೋಡಿ ಬಾ. ಯಾಕ ಅಂತ ಈರಣ್ಣ ಕೇಳ್ತಾನ. ಇಲ್ಲಿ ಹೇಳಿದ್ದು ಅಷ್ಟೂ ಅಲ್ಲಿ ಹೇಳು. ನಲವತ್ತನೇ ದಿನದ್ದು ಬಿಡಬ್ಯಾಡ."

ಗುರುಪಾದಪ್ಪನವರು ಹೂಂ ಅಂದರು. ಅಂದದ್ದು ಉಸಿರಿನಷ್ಟೇ ಮೆಲ್ಲಗೆ. ದಸ್ತಗೀರಸಾಬರಿಗೆ ಅದು ಕೇಳಿಸಿತು.