ಕಿಟಕಿಯ ಎರಡು ಸ್ಕ್ರೂ

ಬೆಳಿಗ್ಗೆ ಏಳಕ್ಕೆ ಸೊಸೆ ಬಾಗಿಲು ತಳ್ಳಿದಾಗ ಅತ್ತೆ ಮಂಚದ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಕೋಣೆಯಲ್ಲಿ ಯಾವ ವಾಸನೆಯೂ ಇಲ್ಲ. ಆಸ್ಪತ್ರೆಯವರು ರಕ್ತ ಪರೀಕ್ಷಿಸಿ ಹೇಳಿದರು— ಕಾರ್ಬನ್ ಮೊನಾಕ್ಸೈಡ್ ವಿಷಾನಿಲ. ಜೀವ ಉಳಿಯುತ್ತದೆ; ನೆನಪು ಎಷ್ಟು ಉಳಿಯುತ್ತದೋ ಹೇಳಲಾಗದು.

ಮಧ್ಯಾಹ್ನ ಆ ಕೋಣೆಯಲ್ಲಿ ನಾವು ನಾಲ್ವರಿದ್ದೆವು: ಕಟ್ಟಡ ಪರವಾನಗಿ ಕಚೇರಿಯ ತನಿಖಾಧಿಕಾರಿ ಮೇಡಂ, ಸೊಸೆ, ಮನೆ ಬೆಚ್ಚಗಿಡುವ ಗ್ಯಾಸ್ ಹೀಟರ್ ಕೂರಿಸಿದ ಮೆಕ್ಯಾನಿಕ್, ಮತ್ತು ನಾನು. ಎರಡು ತಿಂಗಳ ಹಿಂದೆ ಆ ಹೀಟರ್ ತಪಾಸಣೆ ಮಾಡಿ ಸಹಿ ಹಾಕಿದ ಇನ್ಸ್‌ಪೆಕ್ಟರ್ ನಾನೇ. ಕಡತ ಹಿಡಿದುಕೊಂಡು ಬನ್ನಿ ಎಂದಿದ್ದರು, ಬಂದಿದ್ದೆ.

ವಿಷ ಬಂದ ದಾರಿ ಕಣ್ಣಿಗೆ ಕಾಣುತ್ತಿತ್ತು. ಹೀಟರಿನ ಹೊಗೆಕೊಳವೆಯ ಬಾಯಿ ಹೊರಗೋಡೆಯಲ್ಲಿ, ಈ ಕಿಟಕಿಯಿಂದ ಒಂದೂವರೆ ಅಡಿ ಕೆಳಗಿತ್ತು. ಬರ್ನರಿಗೆ ಧೂಳು ಹಿಡಿದು ಉರಿ ಕೆಟ್ಟಿತ್ತು. ಅದು ಯಾವ ಮನೆಯಲ್ಲಾದರೂ ಆಗುವಂಥದ್ದು. ಅದಕ್ಕೇ ತೆರೆಯುವ ಕಿಟಕಿಗೂ ಕೊಳವೆಗೂ ನಾಲ್ಕು ಅಡಿ ಅಂತರವಿರಬೇಕೆಂಬ ನಿಯಮ. ನನ್ನ ವರದಿಯಲ್ಲಿತ್ತು: “ಕಿಟಕಿ ತೆರೆಯುವುದಿಲ್ಲ. ಸ್ಕ್ರೂ ಹಾಕಿ ಭದ್ರಪಡಿಸಲಾಗಿದೆ.” ಈಗ ಚೌಕಟ್ಟಿನಲ್ಲಿ ಎರಡು ತೂತುಗಳಿದ್ದವು, ಸ್ಕ್ರೂ ಇರಲಿಲ್ಲ. ಕಿಟಕಿ ಒಂದು ಬೆರಳಿನಷ್ಟು ತೆರೆದಿತ್ತು.

“ಹೋದ ವಾರ ಫಿಲ್ಟರ್ ಬದಲಿಸೋಕೆ ಬಂದಿದ್ದೆಯಲ್ಲ?” ಮೇಡಂ ಮೆಕ್ಯಾನಿಕ್ಕನ್ನು ಕೇಳಿದರು. “ಆಗ ಬಿಚ್ಚಿದೆಯಾ?”

“ನಾನು ಬಂದು ಹೋದ ಮನೇಲಿ ಸ್ಕ್ರೂ ಜಾಸ್ತಿ ಆಗ್ತವೆ ಮೇಡಂ, ಕಮ್ಮಿ ಆಗಲ್ಲ.”

“ತಮಾಷೆ ಬೇಡ. ನೀನೇ ಅಂತಾದರೆ ಸಂಜೆಯೊಳಗೆ ಲೈಸೆನ್ಸ್ ರದ್ದು. ಮೇಲೆ ಪೊಲೀಸ್ ಕೇಸು.”

ಅವನ ಮುಖ ಬಿಳಿಚಿತು. ನನ್ನತ್ತ ನೋಡಿದ; ನಾನು ಕಡತದ ದಾರ ಬಿಗಿ ಮಾಡತೊಡಗಿದೆ. ಹೀಟರ್ ಕೂರಿಸುವ ಕೆಲಸಕ್ಕೆ ಅವನನ್ನು ತಯಾರು ಮಾಡಿದವನು ನಾನೇ.

“ಅವರಲ್ಲ,” ಸೊಸೆ ಎಂದಳು. “ನಾನು. ಅತ್ತೆ ‘ಉಸಿರು ಕಟ್ಟುತ್ತೆ ಕಣೇ, ಚೂರು ಸಂದಿ ಬಿಡು’ ಅಂತ ದಿನಾ ಗೋಗರೀತಿದ್ರು. ನಿನ್ನೆ ಚಾಕುವಿನ ತುದೀಲಿ ತಿರುಗಿಸಿದೆ. ನನ್ನ ಕೈಯಾರೆ...” ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಆ ಕ್ಷಣ ನನಗಾದದ್ದು ನೆಮ್ಮದಿ. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ಅತ್ತೆ ಈ ಕೋಣೆಯಲ್ಲಿ ಎಷ್ಟು ದಿನದಿಂದ ಮಲಗ್ತಾರಮ್ಮ?” ಮೇಡಂ ಅವಳನ್ನು ಕೇಳಿದರು.

“ಮೂರು ವರ್ಷ ಆಯ್ತು.”

ಮೇಡಂ ನನ್ನತ್ತ ಕೈ ಚಾಚಿದರು. ಕಡತ ಕೊಟ್ಟೆ. ಬೆರಳು ಏಳನೇ ಪುಟದ ಮೇಲೆ ನಿಂತಿತು.

“ಇದು ಹೀಟರ್ ಎಷ್ಟು ದೊಡ್ಡದಿರಬೇಕು ಅನ್ನೋ ಶಾಖದ ಲೆಕ್ಕ. ಮನುಷ್ಯನ ಮೈಯೂ ಕಾವು ಕೊಡುತ್ತೆ. ಅದಕ್ಕೆ ಮಲಗೋ ಕೋಣೆಯಲ್ಲಿ ತಲೆ ಎಣಿಸಿ ಬರೀತೇವೆ. ಈ ಕೋಣೆಗೆ— ಒಬ್ಬರು. ಪಕ್ಕದಲ್ಲಿ ಪರಿಶೀಲಿಸಿದ ಗುರುತು. ಯಾರದ್ದು?”

“ನನ್ನದು,” ಎಂದೆ.

“ಹನ್ನೊಂದನೇ ಪುಟ, ತಪಾಸಣಾ ವರದಿ. ಇದೇ ಕೋಣೆಗೆ ‘ಸಾಮಾನು ಕೋಣೆ’ ಅಂತಿದೆ. ಅಕ್ಷರ ಯಾರದ್ದು?”

ನಾನು ಚೌಕಟ್ಟಿನ ಎರಡು ತೂತುಗಳನ್ನು ನೋಡಿದೆ.

“ಮಲಗೋ ಕೋಣೆಗೆ ತೆರೆಯೋ ಕಿಟಕಿ ಕಡ್ಡಾಯ. ಕಿಟಕಿ ತೆರೆದರೆ ಕೊಳವೆ ತಪ್ಪು, ಮುಚ್ಚಿದರೆ ಕೋಣೆ ತಪ್ಪು. ಎರಡೂ ಪಾಸಾಗಬೇಕು ಅಂದರೆ ಅಜ್ಜಿಯನ್ನೇ ಕಾಗದದಿಂದ ಎತ್ತಿಹಾಕಬೇಕು. ಬೆಳಿಗ್ಗೆಯಿಂದ ಎಲ್ಲರೂ ಸ್ಕ್ರೂ ಬಿಚ್ಚಿದ್ದು ಯಾರು ಅಂತ ಕೇಳ್ತಿದ್ದಾರೆ. ಹಾಕಿಸಿದ್ದು ಯಾರು?”

“ನಾನೇ ಹಾಕಿದ್ದು ಮೇಡಂ,” ಮೆಕ್ಯಾನಿಕ್ ಮಧ್ಯೆ ಬಾಯಿ ಹಾಕಿದ. “ಯಾರೂ ಹೇಳಲಿಲ್ಲ.”

“ಹನ್ನೊಂದನೇ ಪುಟವನ್ನೂ ನೀನೇ ಬರೆದೆಯಾ?”

ಅವನು ನೆಲ ನೋಡಿದ. ಅವನ ಅನ್ನ ಹೋಗುವುದರಲ್ಲಿತ್ತು. ಆದರೂ ನನ್ನ ಹೆಸರು ಎತ್ತಲಿಲ್ಲ. ಅದನ್ನು ನೋಡಿಕೊಂಡು ನಿಲ್ಲಲು ನನ್ನಿಂದಾಗಲಿಲ್ಲ.

“ನಾನು ಹೇಳಿದೆ,” ಎಂದೆ. “ಕೊಳವೆಯನ್ನ ಹಿಂದಿನ ಗೋಡೆಗೆ ತಿರುಗಿಸಬೇಕಾದರೆ ಹೊಸ ಅರ್ಜಿ, ಮೂರು ವಾರ. ಅಷ್ಟು ದಿನ ಈ ಚಳೀಲಿ ಅಜ್ಜಿ ಹೇಗಿರ್ತಾರೆ ಅಂತ... ‘ಎರಡು ಸ್ಕ್ರೂ ಬಿಗಿ, ಪಾಸ್ ಮಾಡ್ತೀನಿ’ ಅಂದೆ.”

ಕರುಣೆಯಿಂದ ಎಂದು ಅವತ್ತು ನಂಬಿದ್ದೆ. ನಿಜ ಹೇಳಬೇಕೆಂದರೆ ಅಭ್ಯಾಸ. ‘ತಪಾಸಣೆ ದಿನದ ಸ್ಕ್ರೂ’ ಎಂದು ಕಚೇರಿಯಲ್ಲಿ ನಗುತ್ತಿದ್ದೆವು. ಮರುದಿನ ಅದು ಅಲ್ಲೇ ಇರುತ್ತದೆಯೇ ಎಂದು ನಾವು ಯಾರೂ ಹೋಗಿ ನೋಡಿದವರಲ್ಲ.

ಸೊಸೆ ಮುಖದಿಂದ ಕೈ ತೆಗೆದಳು.

“ಸ್ಕ್ರೂ ಯಾಕೆ ಹಾಕ್ತಿದೀರಿ ಅಂತ ನಮಗೆ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ದರೆ ಕೊಳವೇನೇ ಸರಿಸಿ ಅಂತಿದ್ರಿ,” ಎಂದೆ.

“ಹೌದು. ಅಂತಿದ್ದೆ.”

ಮೆಕ್ಯಾನಿಕ್ ಹೋಗಬಹುದು ಎಂದು ಮೇಡಂ ಹೇಳಿದರು. ಅವನು ನನ್ನನ್ನು ದಾಟುವಾಗ ತೋಳು ಮುಟ್ಟಿದ; ಅದರ ಬದಲು ಬೈದಿದ್ದರೆ ಸಹಿಸಬಹುದಿತ್ತು. ಹೇಳಿಕೆ ಬರೆಯಲು ನನ್ನ ಮುಂದೆ ಬಿಳಿ ಹಾಳೆ ಬಂತು. ಬರೆದು ಮುಗಿಸುವವರೆಗೂ ಸೊಸೆ ಕದಲಲಿಲ್ಲ.

“ಅತ್ತೆಗೆ ಎಚ್ಚರ ಆದ ಮೇಲೆ ಆಸ್ಪತ್ರೆಗೆ ಬನ್ನಿ,” ಎಂದಳು. “ನಾನು ಬಿಚ್ಚಿದೆ ಅಂತ ನಾನು ಹೇಳ್ತೀನಿ. ನಿಮ್ಮದನ್ನ ನೀವು ಹೇಳಿ.”

ಬರುತ್ತೇನೆ ಎಂದೆ. ತಲೆ ಎತ್ತಿ ಹೇಳಲಾಗಲಿಲ್ಲ.